ದರಗಿನ ರಾಶಿಯ ಮೇಲೆ ಕೂತ ಕಾಳಿಂಗ

ಹಲಸಿನ ಹಪ್ಪಳ ಎಷ್ಟು ಕಟ್ಟು ಆಯ್ತು, ಅಡಿಕೆ ರೇಟು ಎಲ್ಲಿಗೆ ಬಂತು, ಯಾರ ಮನೆ ಮದುವೆಗೆ ಯಾರು ಹೋಗಲಿಲ್ಲ, ಇಷ್ಟೆಲ್ಲ ಹೇಳಿ ಮುಗಿಸಿ ಇನ್ನೇನು ಫೋನ್ ಇಡಬೇಕು ಅನ್ನುವಾಗ ದೊಡ್ಡಮ್ಮ ಹೇಳಿದರು: "ಹಾಂ, ಮರ್ತೇ ಹೋಗಿತ್ತು. ಸೊಪ್ಪಿನಬೆಟ್ಟದಲ್ಲಿ ಕಾಳಿಂಗ ಗೂಡು ಕಟ್ತಿದೆ ಮಾರಾಯ."

2024ರ ಏಪ್ರಿಲ್ ಅದು. ಹಿಂದಿನ ವರ್ಷ ಮಳೆ ಕೈಕೊಟ್ಟಿತ್ತು, ಬಾವಿ ತಳ ಕಾಣುತ್ತಿತ್ತು, ಬೆಂಗಳೂರಿನಲ್ಲಿ ನಾನು ಟ್ಯಾಂಕರ್‌ಗೆ ಕಾಯುತ್ತಾ ಕೂತಿದ್ದೆ. ಅವತ್ತು ರಾತ್ರಿಯೇ ತೀರ್ಥಹಳ್ಳಿ ಬಸ್ಸು ಹತ್ತಿದೆ. ಆಫೀಸಿಗೆ ಮನೆಯಲ್ಲಿ ಪೂಜೆ ಅಂತ ಹೇಳಿದ್ದೆ. ಹಾವಿಗೆ ರಜೆ ಯಾರು ಕೊಡ್ತಾರೆ?

ಮೊದಲು ನೋಡಿದ್ದು ಚಿಕ್ಕಪ್ಪ. ದರಗು ಗುಡಿಸಲು ಹೆಡಿಗೆ ಹಿಡಿದು ಬೆಟ್ಟಕ್ಕೆ ಹೋಗಿದ್ದಾರೆ. ಬಿದಿರು ಮೆಳೆಯ ಬುಡದಲ್ಲಿ ಮೊಣಕಾಲೆತ್ತರದ ಒಂದು ರಾಶಿ, ಸುತ್ತ ಒಂದು ಎಲೆಯೂ ಇಲ್ಲದ ಹಾಗೆ ನೀಟಾಗಿ ಗುಡಿಸಿದ ನೆಲ. ನಮ್ಮ ಬೆಟ್ಟದಲ್ಲಿ ಯಾರೋ ಬಂದು ದರಗು ಗುಡಿಸಿ ರಾಶಿ ಹಾಕಿ ಹೋಗಿದ್ದಾರೆ ಅಂತ ಅವರಿಗೆ ಸಿಟ್ಟು ಬಂತಂತೆ. ಯಾರು ಅಂತ ಮನಸ್ಸಿನಲ್ಲೇ ಎರಡು ಮೂರು ಮನೆಯವರ ಹೆಸರು ಹಿಡಿದು ಬೈದೂ ಆಯ್ತು. ಅಷ್ಟರಲ್ಲಿ ರಾಶಿಯ ಪಕ್ಕದಿಂದ ನಾಯಿ ಗುರ್ ಅಂದ ಹಾಗೆ ಸದ್ದು ಬಂತು. ಕಾಳಿಂಗದ ಬುಸುಗುಟ್ಟುವಿಕೆ ನಾಗರದ ಹಾಗೆ ತೆಳ್ಳಗಿರುವುದಿಲ್ಲ, ಆಳದಿಂದ ಗುರುಗುಟ್ಟಿದ ಹಾಗಿರುತ್ತದೆ, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಹೆಡಿಗೆ ಅಲ್ಲೇ ಬಿಟ್ಟು ಚಿಕ್ಕಪ್ಪ ಮನೆಗೆ ಬಂದರು. ಆ ಹೆಡಿಗೆ ಜುಲೈವರೆಗೆ ಅಲ್ಲೇ ಇತ್ತು.

ಮಲೆನಾಡಿನವರಲ್ಲದ ಓದುಗರಿಗೆ ದರಗು ಅಂದರೆ ಏನು ಅಂತ ಹೇಳಿಬಿಡುತ್ತೇನೆ, ಯಾಕೆಂದರೆ ಈ ಕಥೆಯಲ್ಲಿ ಹಾವಿಗಿಂತ ದರಗಿಗೇ ಜಾಸ್ತಿ ಪಾರ್ಟು. ಚಳಿಗಾಲ ಮುಗಿದು ಬಿಸಿಲು ಏರುವಾಗ ಹುನಾಲು, ಮತ್ತಿ, ನಂದಿ ಎಲ್ಲ ಎಲೆ ಉದುರಿಸುತ್ತವೆ. ಆ ಒಣ ಎಲೆಯೇ ದರಗು. ಅದನ್ನು ಗುಡಿಸಿ ತಂದು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತೇವೆ, ಸಗಣಿ ಗಂಜಲದ ಜೊತೆ ಸೇರಿ ಅದು ಗೊಬ್ಬರವಾಗುತ್ತದೆ, ಗೊಬ್ಬರ ಅಡಿಕೆ ಮರದ ಬುಡಕ್ಕೆ ಹೋಗುತ್ತದೆ. ತೋಟಕ್ಕೆ ಸೊಪ್ಪು, ದರಗು ಕೊಡಲೆಂದೇ ಇರುವ ಕಾಡಿನ ತುಂಡು ಸೊಪ್ಪಿನಬೆಟ್ಟ. ಈ ಅಕೇಶಿಯಾ ನೆಡುತೋಪಿನ ಎಲೆ ಇದೆಯಲ್ಲ, ಅದು ಕೊಳೆಯುವುದೇ ಇಲ್ಲ, ಕೊಟ್ಟಿಗೆಗೆ ತಂದರೆ ಚರ್ಮದ ತುಂಡು ಹಾಸಿದ ಹಾಗೆ ಅಂತ ದೊಡ್ಡಮ್ಮ ಬೈಯುತ್ತಿರುತ್ತಾರೆ. ಅದು ಬೇರೆ ಕಥೆ.

ಈಗ ತಮಾಷೆ ನೋಡಿ. ನಾವು ದರಗು ಗುಡಿಸುವ ಹೊತ್ತಿಗೇ ಹೆಣ್ಣು ಕಾಳಿಂಗಕ್ಕೂ ದರಗು ಬೇಕು. ಪ್ರಪಂಚದಲ್ಲಿ ಮೂರು ಸಾವಿರಕ್ಕೂ ಜಾಸ್ತಿ ಜಾತಿಯ ಹಾವುಗಳಿವೆ. ಅವುಗಳಲ್ಲಿ ಎಲೆ ಒಟ್ಟುಮಾಡಿ ಗೂಡು ಕಟ್ಟುವುದು ಕಾಳಿಂಗದ ಕುಲ ಮಾತ್ರ. ಕೈಯಿಲ್ಲ, ಕೊಕ್ಕಿಲ್ಲ. ಮೈಯನ್ನೇ ಬಳಸಿ ಸುತ್ತು ಹಾಕಿ ಎಲೆಗಳನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತದೆ, ರಾಶಿ ಮಾಡುತ್ತದೆ, ಒಳಗೆ ಹೊಕ್ಕು ಸುತ್ತಿ ಸುತ್ತಿ ಒತ್ತಿ ಗಟ್ಟಿ ಮಾಡುತ್ತದೆ. ನಡುವೆ ಮೊಟ್ಟೆ, ಮೇಲೆ ಮತ್ತೆ ಎಲೆ, ಅದರ ಮೇಲೆ ತಾನು. ಒಂದು ಸಲಕ್ಕೆ ಸಾಮಾನ್ಯವಾಗಿ 20ರಿಂದ 40 ಮೊಟ್ಟೆ. ಒಟ್ಟಿನಲ್ಲಿ ಚಿಕ್ಕಪ್ಪ ತಪ್ಪು ಮನೆಯವರನ್ನು ಬೈದಿದ್ದರು ಅಷ್ಟೇ.

ಮನೆಯಲ್ಲಿ ಒಂದು ದಿನ ಚರ್ಚೆ ನಡೆಯಿತು. ಗೂಡು ಕೊಟ್ಟಿಗೆಯಿಂದ ಹೆಚ್ಚುಕಮ್ಮಿ ಇನ್ನೂರು ಮಾರು ದೂರ. ಹಾವು ಹಿಡಿಯುವವರಿಗೆ ಹೇಳೋಣ ಅಂತ ಚಿಕ್ಕಪ್ಪ. "ಬಸುರಿ ಹೆಂಗಸನ್ನ ಮನೆಯಿಂದ ಹೊರಗೆ ಹಾಕೋಕಾಗುತ್ತಾ" ಅಂತ ದೊಡ್ಡಮ್ಮ. ಅತ್ತಿಗೆ ಹೇಳಿದ ಮೇಲೆ ಚಿಕ್ಕಪ್ಪನ ಮಾತು ನಡೆಯುವುದಿಲ್ಲ. ಫಾರೆಸ್ಟ್ ಗಾರ್ಡಿಗೆ ತಿಳಿಸಿದೆವು, ಅವರು ಬಂದು ನೋಡಿ, ಹತ್ತಿರ ಯಾರೂ ಹೋಗಬೇಡಿ, ನಾಯಿ ಬಿಡಬೇಡಿ ಅಂದು, ದೂರದಲ್ಲಿ ಒಂದು ಹಗ್ಗ ಕಟ್ಟಿ ಹೋದರು. ನನಗೆ ತೋಟದ ಕಡೆಯ ಕಾಲುಸಂಕದ ಮೇಲೆ ಜಾಗ. ಕೈಯಲ್ಲಿ ಬೈನಾಕ್ಯುಲರ್, ಜೇಬಿನಲ್ಲಿ ನೋಟ್‌ಬುಕ್ಕು.

ಏನು ನೋಡಿದೆ ಅಂತ ಕೇಳಿದರೆ, ಮೊದಲ ನಾಲ್ಕು ದಿನ ಎಲೆ ನೋಡಿದೆ. ನಿಜ. ನೋಟ್‌ಬುಕ್ಕಿನಲ್ಲಿ "8.10 ಬಾಲ", "8.40 ಬಾಲ ಇಲ್ಲ", "11.00 ಏನೂ ಇಲ್ಲ", "11.30 ಕಾಫಿ" ಅಂತೆಲ್ಲ ಇದೆ. ಐದನೇ ದಿನ ಬೆಳಿಗ್ಗೆ ತಲೆ ಎತ್ತಿತು. ಕಂದು ಮಿಶ್ರಿತ ಹಳದಿ ಕೊರಳು, ನೆಲದಿಂದ ಎರಡಡಿ ಮೇಲೆ, ಒಂದು ನಿಮಿಷ ಹಾಗೇ ನಿಂತಿತ್ತು. ಹೆಡೆ ಬಿಚ್ಚಲಿಲ್ಲ. ಏನೋ ವಾಸನೆ ಬಂದಿರಬೇಕು, ನಾಲಿಗೆ ಆಡಿಸಿ ಮತ್ತೆ ಇಳಿಯಿತು. ಅಷ್ಟಕ್ಕೇ ನನ್ನ ಎದೆಯ ಸದ್ದು ನನಗೇ ಕೇಳುತ್ತಿತ್ತು.

ಒಂದೇ ಜಾತಿಯ ಪ್ರಾಣಿಯ ಹಿಂದೆ ವರ್ಷಗಟ್ಟಲೆ ಬಿದ್ದವರು ನಮ್ಮ ಊರಿನಿಂದ ಸ್ವಲ್ಪ ದೂರದಲ್ಲೇ ಇದ್ದಾರೆ. ಹಾವುಗಳ ತಜ್ಞ ರೋಮುಲಸ್ ವಿಟೇಕರ್ 1971ರಲ್ಲಿ ಆಗುಂಬೆಗೆ ಬಂದು ಕಾಳಿಂಗ ನೋಡಿದರು, 2005ರಲ್ಲಿ ಅಲ್ಲಿ ಮಳೆಕಾಡಿನ ಸಂಶೋಧನಾ ಕೇಂದ್ರ ಶುರುಮಾಡಿದರು. 2008ರಿಂದ ಅಲ್ಲಿ ಹಾವುಗಳಿಗೆ ರೇಡಿಯೋ ಟ್ರಾನ್ಸ್‌ಮಿಟರ್ ಹಾಕಿ ಹಿಂಬಾಲಿಸುವ ಕೆಲಸ ನಡೆಯಿತು. ಹಾವಿಗೆ ಕುತ್ತಿಗೆ ಪಟ್ಟಿ ಕಟ್ಟಲು ಆಗುವುದಿಲ್ಲವಲ್ಲ, ಅರಿವಳಿಕೆ ಕೊಟ್ಟು ಸಣ್ಣ ಆಪರೇಷನ್ ಮಾಡಿ ಮೈಯೊಳಗೇ ಇಡಬೇಕು. ಆಮೇಲೆ ಶುರು ನಡಿಗೆ. ಕಾಳಿಂಗ ಹಗಲು ಓಡಾಡುವ ಹಾವು. ಅದು ಬಿಲ ಬಿಡುವ ಮುಂಚೆ ಬೆಳಗ್ಗೆಯೇ ಅಲ್ಲಿಗೆ ಹೋಗಬೇಕು, ಸಂಜೆ ಎಲ್ಲಿ ಮಲಗುತ್ತದೆ ಅಂತ ನೋಡಿಕೊಂಡೇ ವಾಪಸ್ ಬರಬೇಕು, ಇಲ್ಲದಿದ್ದರೆ ನಾಳೆ ಹುಡುಕುವುದು ಎಲ್ಲಿ? ಮಧ್ಯೆ ಆಂಟೆನಾ ಹಿಡಿದು ಬೀಪ್ ಬೀಪ್ ಕೇಳುತ್ತಾ ಹಳ್ಳ ಹಾರಿ, ಬೆತ್ತದ ಮುಳ್ಳಿಗೆ ಅಂಗಿ ಕೊಟ್ಟು, ಉಂಬಳಕ್ಕೆ ರಕ್ತ ಕೊಟ್ಟು ಅದರ ಹಿಂದೆ ಹೋಗಬೇಕು. ಹಾವಿಗೆ ಗೊತ್ತಾಗದಷ್ಟು ದೂರ, ಆದರೆ ಏನು ತಿಂತು ಅಂತ ಕಾಣುವಷ್ಟು ಹತ್ತಿರ. ಪೊರೆ ಬಿಡುವ ಮುಂಚೆ ಅದು ದಿನಗಟ್ಟಲೆ ಬಿಲದಿಂದ ಹೊರಗೇ ಬರುವುದಿಲ್ಲ. ಆಗ ಬಿಲದ ಬಾಯಿ ನೋಡುತ್ತಾ ಕೂರುವುದೇ ಕೆಲಸ. ನನ್ನ "11.00 ಏನೂ ಇಲ್ಲ"ಗೆ ಸಂಬಳವೂ ಇಲ್ಲ, ಮರ್ಯಾದೆಯೂ ಇಲ್ಲ, ಆದರೂ ಅವರ ನೆನಪಿನಿಂದ ಸ್ವಲ್ಪ ಸಮಾಧಾನ ಆಯ್ತು.

ಹಾಗೆ ಹಿಂದೆ ಬಿದ್ದಾಗಲೇ ಅದು ಏನು ತಿನ್ನುತ್ತದೆ ಅಂತ ಲೆಕ್ಕ ಸಿಗುವುದು. ಕಾಳಿಂಗದ ಕುಲದ ಹೆಸರು ಒಫಿಯೋಫೇಗಸ್, ಗ್ರೀಕಿನಲ್ಲಿ ಹಾವು ತಿನ್ನುವುದು ಅಂತ ಅರ್ಥ. ಕೇರೆ, ನಾಗರ, ಮರದ ಮೇಲಿನ ಗುಳಿಮಂಡಲ, ಅಪರೂಪಕ್ಕೆ ಉಡ. ಇನ್ನೊಂದು ಕಾಳಿಂಗ ಸಿಕ್ಕರೂ ಬಿಡುವುದಿಲ್ಲ. ಆಗುಂಬೆಯಲ್ಲಿ ಗಂಡು ಹೆಣ್ಣನ್ನೇ ಕೊಂದು ನುಂಗಿದ್ದನ್ನು ಕಣ್ಣಾರೆ ಕಂಡು ದಾಖಲಿಸಿದ್ದಾರೆ. ಇದನ್ನು ಹೇಳಿದಾಗ ದೊಡ್ಡಮ್ಮ ಒಂದು ಕ್ಷಣ ಸುಮ್ಮನಿದ್ದು, "ಗಂಡಸರ ವಿಷಯ ಬಿಡು" ಅಂದರು. ಮಾರ್ಚ್, ಏಪ್ರಿಲ್ ಹೊತ್ತಿಗೆ ಗಂಡುಗಳು ಹೆಣ್ಣಿನ ವಾಸನೆ ಹಿಡಿದು ಅಲೆಯುತ್ತವೆ, ಎರಡು ಗಂಡು ಎದುರಾದರೆ ಮೈಗೆ ಮೈ ಹೆಣೆದು ಒಂದನ್ನೊಂದು ನೆಲಕ್ಕೆ ಒತ್ತುವ ಕುಸ್ತಿ. ಕಚ್ಚಾಟ ಇಲ್ಲ, ತಲೆ ನೆಲಕ್ಕೆ ತಾಗಿದವನು ಸೋತ. ಹೆಚ್ಚಿನ ಹಾವುಗಳಲ್ಲಿ ಹೆಣ್ಣೇ ದೊಡ್ಡದು, ಕಾಳಿಂಗದಲ್ಲಿ ಗಂಡು ದೊಡ್ಡದಿರುವುದಕ್ಕೆ ಈ ಕುಸ್ತಿಯೇ ಕಾರಣ ಅಂತ ಹೇಳುತ್ತಾರೆ.

ನಮ್ಮ ಮನೆಗಳಿಗೆ ಕಾಳಿಂಗ ಯಾಕೆ ಬರುತ್ತದೆ ಅನ್ನುವುದಕ್ಕೂ ಉತ್ತರ ಇಲ್ಲೇ ಇದೆ. ಅಡಿಕೆ ಅಂಗಳದಲ್ಲಿ, ಭತ್ತದ ಪಣತದಲ್ಲಿ, ಸೌದೆ ರಾಶಿಯಲ್ಲಿ ಇಲಿ. ಇಲಿಗೆ ಕೇರೆ. ಕೇರೆಗೆ ಕಾಳಿಂಗ. ಕೇರೆ ಬಚ್ಚಲ ಹಂಡೆಯ ಹಿಂದೆ ಹೊಕ್ಕರೆ ಕಾಳಿಂಗವೂ ಬಚ್ಚಲಿಗೇ ಬರಬೇಕು. ಅದಕ್ಕೇನು ನಮ್ಮ ಮೇಲೆ ದ್ವೇಷವೇ? ಹನ್ನೆರಡಡಿ ಹಾವು ಬಚ್ಚಲಲ್ಲಿದ್ದಾಗ ಈ ತರ್ಕ ಯಾರ ತಲೆಗೂ ಹೋಗುವುದಿಲ್ಲ ಅನ್ನುವುದೂ ನಿಜ. ಆದರೂ ಇಷ್ಟು ದೊಡ್ಡ, ಇಷ್ಟೊಂದು ವಿಷ ಇರುವ ಹಾವು ಮನೆಯ ಸುತ್ತ ಓಡಾಡಿಕೊಂಡಿದ್ದರೂ ಅದು ಕಚ್ಚಿ ಸತ್ತವರು ತೀರಾ ಅಪರೂಪ. ಹಾಗಂತ ಹುಡುಗಾಟ ಬೇಡ. ನಮ್ಮ ಆಸ್ಪತ್ರೆಗಳಲ್ಲಿ ಸಿಗುವ ಔಷಧ ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೆ ಮಾಡಿದ್ದು, ಕಾಳಿಂಗಕ್ಕೆ ಅಂತ ಮಾಡಿದ್ದಲ್ಲ.

ಇಲ್ಲಿ ಸ್ವಲ್ಪ ಸಿಟ್ಟು ಕಾರಿಕೊಳ್ಳುತ್ತೇನೆ. ಅದೇ ಮೇ ತಿಂಗಳಲ್ಲಿ ಪಕ್ಕದ ಊರಿನ ಒಂದು ಮನೆಗೆ ಕಾಳಿಂಗ ಬಂತು. ಹಿಡಿಯುವವನು ಬಂದ. ಬಾಲ ಹಿಡಿದು ಅಂಗಳದಲ್ಲಿ ಒಂದು ಗಂಟೆ ಆಡಿಸಿದ, ಹಿಂದಿನಿಂದ ತಲೆಗೆ ಮುತ್ತು ಕೊಟ್ಟ, ನಾಲ್ಕು ಮೊಬೈಲಿನಲ್ಲಿ ವಿಡಿಯೋ ಆಯ್ತು, ಚೀಲಕ್ಕೆ ಹಾಕಿಕೊಂಡು ಘಟ್ಟದ ಕೆಳಗೆ ಎಲ್ಲೋ ಬಿಟ್ಟು ಬಂದ. ಎಲ್ಲರೂ ಚಪ್ಪಾಳೆ. ಉಳಿಸಿದ ಅಂತ ಹೆಸರು. ಆಗುಂಬೆಯಲ್ಲಿ ಹೀಗೆ ಹಿಡಿದ ಹಾವುಗಳಿಗೆ ರೇಡಿಯೋ ಹಾಕಿ ನೋಡಿದ್ದಾರೆ: ದೂರ ಒಯ್ದು ಬಿಟ್ಟ ಹಾವು ತನ್ನ ಜಾಗದಲ್ಲೇ ಇರುವ ಹಾವಿಗಿಂತ ಜಾಸ್ತಿ ಅಲೆದಾಡಿತು. ಅಲೆಯದೆ ಏನು ಮಾಡುತ್ತದೆ? ಯಾವ ಬಿಲ ಖಾಲಿ, ಯಾವ ಹಳ್ಳದಲ್ಲಿ ನೀರು, ಕೇರೆ ಎಲ್ಲಿ ಬಿಸಿಲು ಕಾಯುತ್ತದೆ, ಯಾವ ಕಡೆ ಇನ್ನೊಂದು ದೊಡ್ಡ ಗಂಡು ಇದೆ ಅನ್ನುವುದೆಲ್ಲ ಅದಕ್ಕೆ ತನ್ನ ಜಾಗದಲ್ಲಿ ಗೊತ್ತಿರುತ್ತದೆ. ಹೊಸ ಕಾಡಿನಲ್ಲಿ ಅದು ರಾತ್ರಿ ಹನ್ನೊಂದಕ್ಕೆ ಗುರುತಿಲ್ಲದ ಊರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದವನ ಹಾಗೆ. ಹಿಡಿಯಲೇಬೇಕಾದರೆ ಹಿಡಿದು, ಸದ್ದಿಲ್ಲದೆ ಹತ್ತಿರದ ಕಾಡಿಗೇ ಬಿಡಬೇಕು. ತುಂಬಾ ಸಲ ಅದೂ ಬೇಡ. ಬಾಗಿಲು ತೆರೆದಿಟ್ಟು ಜನ ದೂರ ನಿಂತರೆ ಅದೇ ಹೋಗುತ್ತದೆ. ಆದರೆ ಹಾವು ಸುಮ್ನೆ ಹೊರಟುಹೋದ ವಿಡಿಯೋವನ್ನು ಯಾರು ನೋಡ್ತಾರೆ, ಅಲ್ವಾ?

ನಾನು ಮೇನಲ್ಲಿ ಎರಡು ಸಲ, ಜೂನ್‌ನಲ್ಲಿ ಒಂದು ಸಲ ಊರಿಗೆ ಹೋದೆ. ಉಳಿದ ದಿನಗಳ ವರದಿ ಚಿಕ್ಕಪ್ಪನದು. ಹೆದರಿದ್ದವರು ಅವರೇ, ಈಗ ದಿನಾ ಸಂಕದ ಮೇಲೆ ನಿಂತು ನೋಡುವವರೂ ಅವರೇ. "ಇವತ್ತು ಇದೆ", "ಇವತ್ತು ಇದೆ, ಬಿಸಿಲಿಗೆ ಬಂದಿತ್ತು", "ಇವತ್ತು ಕಾಣಲಿಲ್ಲ, ಎಲೆ ಅಲುಗಾಡ್ತು" ಅಂತ ವಾಟ್ಸಾಪ್ ಬರುತ್ತಿತ್ತು. ಅಡಿಕೆ ಕೊಳೆರೋಗಕ್ಕೆ ಔಷಧಿ ಹೊಡೆದ ತಾರೀಖನ್ನೂ ಇಷ್ಟು ಶ್ರದ್ಧೆಯಿಂದ ಬರೆದಿಟ್ಟವರಲ್ಲ ಅವರು.

ಜೂನ್ ಎರಡನೇ ವಾರ ಮಳೆ ಹಿಡಿಯಿತು. ನಮ್ಮ ಕಡೆಯ ಮಳೆ ಅಂದರೆ ಗೊತ್ತಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ 7000 ಮಿಲಿಮೀಟರಿಗೂ ಜಾಸ್ತಿ ಬೀಳುತ್ತದೆ. ನಮ್ಮಲ್ಲಿ ಅಷ್ಟಿಲ್ಲ, ಆದರೆ ಹೆಂಚಿನ ಮನೆಯೊಳಗೂ ಉಪ್ಪಿನ ಡಬ್ಬಿ ನೀರಾಗುವಷ್ಟು ಇದೆ. ಎಲೆಯ ರಾಶಿಯಲ್ಲಿಟ್ಟ ಮೊಟ್ಟೆ ಕೊಳೆಯುವುದಿಲ್ಲವೇ ಅಂತ ನನಗೆ ಚಿಂತೆ. ಓದಿದ ಮೇಲೆ ಅರ್ಥವಾಯಿತು. ಜಾಗ ಇಳಿಜಾರಾಗಿದ್ದರೆ ನೀರು ಕೆಳಗೆ ನಿಲ್ಲುವುದಿಲ್ಲ, ನಮ್ಮ ಗೂಡೂ ಇಳಿಜಾರಿನಲ್ಲೇ ಇತ್ತು. ಹಾವು ಒತ್ತಿ ಒತ್ತಿ ಕೂರಿಸಿದ ಎಲೆ ಮಳೆಗೆ ನೆನೆದು ಒಂದಕ್ಕೊಂದು ಅಂಟಿ ಮೇಲ್ಪದರ ಹುಲ್ಲಿನ ಮಾಡಿನ ಹಾಗೆ ಆಗಿಬಿಡುತ್ತದೆ. ನೀರು ಮೇಲಿಂದಲೇ ಜಾರಿ ಹೋಗುತ್ತದೆ, ಒಳಗೆ ಮೊಟ್ಟೆ ಇರುವ ಜಾಗ ಒಣಗಿಯೇ ಇರುತ್ತದೆ. ಕೊಳೆಯುವ ಎಲೆಯ ಬಿಸಿಯೂ ಸೇರಿ ಒಳಗೆ ಬೆಚ್ಚಗೆ. ಕೊಟ್ಟಿಗೆಯ ಗೊಬ್ಬರಕ್ಕೆ ಕೈ ಹಾಕಿದವರಿಗೆ ಆ ಬಿಸಿ ಗೊತ್ತು. ನಾವು ದರಗಿನಿಂದ ಗೊಬ್ಬರ ಮಾಡುವುದೂ, ಅದು ದರಗಿನಿಂದ ಮರಿ ಮಾಡುವುದೂ ಒಂದೇ ಕೊಳೆಯುವ ಕೆಲಸವನ್ನು ನಂಬಿಕೊಂಡು.

ಒಂದು ಹಾವನ್ನು ನೋಡಲು ಹೋದ ನನ್ನ ನೋಟ್‌ಬುಕ್ಕಿನಲ್ಲಿ ಅಷ್ಟು ಹೊತ್ತಿಗೆ ಹಾವಿನ ಸಾಲು ಕಡಿಮೆ, ಮಿಕ್ಕದ್ದೇ ಜಾಸ್ತಿ ಆಗಿತ್ತು. ಯಾವ ಮರ ಯಾವಾಗ ಎಲೆ ಉದುರಿಸಿತು, ಎಷ್ಟು ಹೆಡಿಗೆ ದರಗು ನಾವು ತಂದೆವು, ಬಿದಿರು ಮೆಳೆ ಯಾಕೆ ಉಳಿದಿದೆ, ಕೊಟ್ಟಿಗೆಯಲ್ಲಿ ಕೇರೆ ಎಷ್ಟು ಸಲ ಕಂಡಿತು. ದನ ಇಟ್ಟವರು ಊರಿನಲ್ಲಿ ಈಗ ಎಷ್ಟು ಮನೆ ಅಂತ ಎಣಿಸಲು ಹೋಗಿ ಬೇಜಾರೂ ಆಯ್ತು. ದನ ಇಲ್ಲದವರಿಗೆ ದರಗು ಬೇಡ, ದರಗು ಬೇಡದವರಿಗೆ ಸೊಪ್ಪಿನಬೆಟ್ಟ ಬರೀ ಖಾಲಿ ಜಾಗ, ಖಾಲಿ ಜಾಗ ಕಂಡರೆ ಜೆಸಿಬಿ ಬರುತ್ತದೆ.

ಜುಲೈ ಮೊದಲ ವಾರ ಚಿಕ್ಕಪ್ಪನ ಸಂದೇಶ: "ಮೂರು ದಿನದಿಂದ ಕಾಣ್ತಿಲ್ಲ. ಹೋಯ್ತು ಅನ್ಸುತ್ತೆ." ತಾಯಿ ಹೀಗೆ ಮರಿ ಬರುವ ಮುಂಚೆಯೇ ಬಿಟ್ಟು ಹೋಗುವುದುಂಟು. ಅಲ್ಲೇ ಇದ್ದರೆ ಮರಿಗಳನ್ನೇ ತಿಂದುಬಿಡುತ್ತೇನೆ ಅನ್ನುವ ಭಯಕ್ಕೆ ಹೋಗುತ್ತದೆ ಅಂತ ಒಂದು ಮಾತಿದೆ, ಆದರೆ ಹಾವಿನ ಮನಸ್ಸಿನೊಳಗೆ ಹೊಕ್ಕು ಬಂದವರು ಯಾರೂ ಇಲ್ಲ. ಎರಡು ತಿಂಗಳ ಮೇಲೆ ಕಾವಲು ಕೂತಿತ್ತು, ಹಸಿವೂ ಆಗಿರಬೇಕು.

ಮೂರನೇ ವಾರ ಮಳೆ ಬಿಡದೆ ಹೊಡೆಯುತ್ತಿತ್ತು. ರಸ್ತೆ ಅಲ್ಲಲ್ಲಿ ಕುಸಿದು, ಬಸ್ಸು ಸುತ್ತು ಹಾಕಿ, ಮನೆ ಮುಟ್ಟುವಾಗ ಮಧ್ಯಾಹ್ನ. ಕಂಬಳಿಕೊಪ್ಪೆ ಹಾಕಿಕೊಂಡು ಚಿಕ್ಕಪ್ಪ ಸಂಕದ ಹತ್ತಿರವೇ ನಿಂತಿದ್ದರು. ಮರುದಿನ ಬೆಳಿಗ್ಗೆ ಗಾರ್ಡು ಬಂದ ಮೇಲೆ ಹತ್ತಿರ ಹೋದೆವು. ಗೂಡಿನ ಬದಿಯಲ್ಲಿ ಎಲೆ ಸರಿದಿತ್ತು. ಅಲ್ಲೊಂದು ಬೆರಳಿನ ದಪ್ಪದ ತಲೆ. ಕಪ್ಪು ಮೈ, ಮೇಲೆ ಬಿಳಿ ಮಿಶ್ರಿತ ಹಳದಿ ಪಟ್ಟೆ, ಉದ್ದ ಒಂದೂವರೆ ಅಡಿ. ಗಾರ್ಡಿನ ಗಂಬೂಟು ಕಂಡಿದ್ದೇ ಹೆಡೆ ಬಿಚ್ಚಿ ನಿಂತಿತು! ಚಿಟಿಕೆಯಷ್ಟು ಹೆಡೆ. ನಗು ಬಂತು, ಆದರೆ ಹುಟ್ಟುವಾಗಲೇ ವಿಷ ಇರುತ್ತದೆ, ನಗುತ್ತಲೇ ಎರಡು ಹೆಜ್ಜೆ ಹಿಂದೆ ಸರಿದೆವು. ಮೊದಲ ಪೊರೆ ಬಿಡುವವರೆಗೆ ಅವಕ್ಕೆ ಹೊಟ್ಟೆಯೊಳಗೆ ಉಳಿದ ಮೊಟ್ಟೆಯ ಹಳದಿಯೇ ಊಟ, ಆಮೇಲೆ ಸಣ್ಣ ಹಾವುಗಳ ಬೇಟೆ. ಎರಡು ದಿನದಲ್ಲಿ ಎಲ್ಲವೂ ಬೆಟ್ಟಕ್ಕೆ ಸೇರಿದವು.

ಎಲ್ಲ ಹೋದ ಮೇಲೆ ಗೂಡು ಬಿಡಿಸಿ ನೋಡಿದೆವು. ಮೇಲೆ ಹಿಂಡಿದರೆ ನೀರು ಬರುವ ಎಲೆ. ಒಂದು ಗೇಣು ಒಳಗೆ ಹೋದರೆ ನಿಜವಾಗಿಯೂ ಒಣ. ಅಂಥ ಮಳೆಯಲ್ಲಿ! ಒದ್ದೆ ಕಾಗದದ ಹಾಗಿದ್ದ ಮೊಟ್ಟೆಯ ಸಿಪ್ಪೆ ಎಣಿಸಿದೆ: 26. ಮೂರು ಒಡೆದಿರಲಿಲ್ಲ. ಅಂದರೆ 23 ಮರಿ. ಚಿಕ್ಕಪ್ಪನ ಮುಖ ಸಣ್ಣದಾಯಿತು. "ಇಪ್ಪತ್ತಮೂರು ಕಾಳಿಂಗ ತೋಟದಾಗೆ!" ಮುಂಗುಸಿ, ಹಾವುಗಿಡುಗ, ಕಾಡುಹಂದಿ, ದೊಡ್ಡ ಕಾಳಿಂಗ, ಇವೆಲ್ಲ ಸೇರಿ ಒಂದೋ ಎರಡೋ ಉಳಿಸಿದರೆ ಜಾಸ್ತಿ ಅಂತ ಹೇಳಿದೆ. ಅದನ್ನು ಕೇಳಿ ದೊಡ್ಡಮ್ಮನಿಗೆ ಬೇಜಾರಾಯಿತು. ಮನೆಯಲ್ಲಿ ಇಬ್ಬರಿಗೂ ಒಟ್ಟಿಗೆ ಸಮಾಧಾನ ಹೇಳುವುದು ಕಷ್ಟ.

ಇಷ್ಟೆಲ್ಲ ಆದ ಮೇಲೆ ಅಕ್ಟೋಬರ್‌ನಲ್ಲಿ ಇನ್ನೊಂದು ಸುದ್ದಿ. ಥಿಯೋಡರ್ ಕ್ಯಾಂಟರ್ 1836ರಲ್ಲಿ ಹೆಸರಿಟ್ಟ ಒಂದೇ ಜಾತಿ, ಒಫಿಯೋಫೇಗಸ್ ಹನ್ನಾ, ನಿಜಕ್ಕೂ ಒಂದಲ್ಲ ನಾಲ್ಕು ಅಂತ ಪಿ. ಗೌರಿಶಂಕರ್ ಮತ್ತು ಜೊತೆಗಾರರು ಪ್ರಕಟಿಸಿದರು. ಪಶ್ಚಿಮ ಘಟ್ಟದ್ದೇ ಬೇರೆ ಜಾತಿ. ದೊಡ್ಡದಾದ ಮೇಲೆ ನಮ್ಮದರ ಮೈಮೇಲೆ ಪಟ್ಟೆ ನಲವತ್ತಕ್ಕಿಂತ ಕಡಿಮೆ, ಉತ್ತರದ ಹನ್ನಾಗೆ ಐವತ್ತರ ಮೇಲೆ. ಹೊಸ ಜಾತಿಗೆ ಇಟ್ಟ ಹೆಸರು ಒಫಿಯೋಫೇಗಸ್ ಕಾಳಿಂಗ. ನಮ್ಮ ಜನ ಕರೆಯುವ ಕನ್ನಡದ ಹೆಸರನ್ನೇ ತೆಗೆದುಕೊಂಡಿದ್ದಾರೆ. ದೀಪಾವಳಿಗೆ ಹೋದಾಗ ದೊಡ್ಡಮ್ಮನಿಗೆ ಬಹಳ ಉತ್ಸಾಹದಿಂದ ಇದನ್ನೆಲ್ಲ ವಿವರಿಸಿದೆ. ಹೋಳಿಗೆ ಮಗುಚುತ್ತಾ ಕೇಳಿಸಿಕೊಂಡು, "ಅಲ್ವೋ, ಮತ್ತೆ ನಾವು ಇಷ್ಟು ವರ್ಷ ಏನಂತ ಕರೀತಿದ್ವಿ?" ಅಂದರು.

ಮರುವರ್ಷ ಫೆಬ್ರವರಿಯಲ್ಲಿ ದರಗು ಗುಡಿಸುವಾಗ ನಾನೂ ಹೋಗಿದ್ದೆ. ಚಿಕ್ಕಪ್ಪ ಬೆಟ್ಟದ ಕೆಳಗಿನಿಂದ ಗುಡಿಸುತ್ತಾ ಬಂದವರು ಬಿದಿರು ಮೆಳೆಗೆ ಹತ್ತಿಪ್ಪತ್ತು ಮಾರು ಇರುವಾಗ ಹೆಡಿಗೆ ತಿರುಗಿಸಿದರು. ಮೇಲಿನ ದರಗು ಹಾಗೇ ಬಿತ್ತು, ಕಾಲು ಹೂತುಹೋಗುವಷ್ಟು. ಅದನ್ಯಾಕೆ ಬಿಟ್ರಿ ಅಂತ ಕೇಳಿದೆ.

"ಅಲ್ಲಿ ಇಳಿಜಾರು ಜಾಸ್ತಿ ಕಣೋ. ಕಾಲು ಜಾರುತ್ತೆ."

ನಲವತ್ತು ವರ್ಷದಿಂದ ಅವರು ದರಗು ಗುಡಿಸಿದ ಜಾಗ ಅದು.